ನಿಲ್ದಾಣದೆದುರಿನ ದಾಸೋಹ: ಗುಬ್ಬಿ ತೋಟದಪ್ಪನವರ ಧರ್ಮಛತ್ರ

ದಾಸೋಹವೆಂಬುದು ಶರಣರು ಲೋಕಕ್ಕೆ ಕೊಟ್ಟ ಬಹು ದೊಡ್ಡ ತತ್ತ್ವ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸನು, ಬಂದವನು ಜಂಗಮಸ್ವರೂಪನು. ಸತ್ಯಶುದ್ಧ ಕಾಯಕದಿಂದ ಬಂದುದನ್ನು ಸಮಾಜಕ್ಕೆ ಮರಳಿ ಸಲ್ಲಿಸುವಾಗ ನಾನು ಕೊಟ್ಟೆನೆಂಬ ಅಹಂಭಾವ ಅಳಿದಿರಬೇಕೆಂಬುದು ಇದರ ತಿರುಳು. ಆಯ್ದಕ್ಕಿ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಕಥೆಯನ್ನು ಅರಿಯದ ಶರಣರಿಲ್ಲ.

ಆದರೆ ದಾಸೋಹಿಯ ಬದುಕಿಗೊಂದು ಮಿತಿಯುಂಟು. ಆತನು ಇರುವವರೆಗೆ ಒಲೆ ಉರಿಯುತ್ತದೆ, ಬಾಗಿಲು ತೆರೆದಿರುತ್ತದೆ. ಆತನು ಲಿಂಗೈಕ್ಯನಾದ ಮೇಲೆ ಬಾಗಿಲಿಗೆ ಬರುವ ಹಸಿದವನ ಗತಿಯೇನು? ಈ ಪ್ರಶ್ನೆಗೆ ನಾಡಿನ ಜನರು ಕಂಡುಕೊಂಡ ಉತ್ತರಗಳಲ್ಲಿ ಛತ್ರವೂ ಒಂದು. ಆ ಉತ್ತರವನ್ನು ಬೆಂಗಳೂರು ನಗರದಲ್ಲಿ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಉಳಿಸಿಕೊಂಡು ಬಂದಿರುವುದು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರ ಧರ್ಮಛತ್ರ.

ಸತ್ರದಿಂದ ಛತ್ರ

ಸಂಸ್ಕೃತದ ಸತ್ರವೆಂಬ ಶಬ್ದವೇ ಕನ್ನಡಿಗರ ಬಾಯಲ್ಲಿ ಛತ್ರವಾಗಿದೆ. ದಾರಿಹೋಕರಿಗೆ ಅನ್ನ ನೀರು ಆಸರೆಗಳನ್ನು ಒದಗಿಸುವ ಸತ್ರಗಳಿಗೂ ಅರವಟ್ಟಿಗೆಗಳಿಗೂ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಕನ್ನಡ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಅವುಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಮಠದ ಶಾಸನವು ವಿಶೇಷವಾದುದು. ಅದರ ಕಾಲ 1162. ಕಲ್ಯಾಣದಲ್ಲಿ ಬಿಜ್ಜಳನು ಆಳುತ್ತಿದ್ದ, ಬಸವಣ್ಣನವರ ದಾಸೋಹವು ನಡೆಯುತ್ತಿದ್ದ ಕಾಲ. ಕೋಡಿಮಠವು ಕಾಳಾಮುಖ ಶೈವರದು. ಬಡವರು, ಅನಾಥರು, ಕುಂಟರು, ಕುರುಡರು, ಕಿವುಡರು ಅಲ್ಲಿ ಸದಾ ಅನ್ನವನ್ನು ಪಡೆಯುತ್ತಿದ್ದರೆಂದು ಶಾಸನವು ವರ್ಣಿಸುತ್ತದೆ. ವಾದ್ಯಗಾರರೂ ನರ್ತಕರೂ ಆ ಪಂಕ್ತಿಯಲ್ಲಿದ್ದಾರೆ; ಜೈನ ಕ್ಷಪಣಕರೂ ಬೇರೆ ಬೇರೆ ಪಂಥಗಳ ಸನ್ಯಾಸಿಗಳೂ ಇದ್ದಾರೆ. ದಿಕ್ಕಿಲ್ಲದ ರೋಗಿಗಳಿಗೆ ಅಲ್ಲಿ ಚಿಕಿತ್ಸೆಯೂ ದೊರೆಯುತ್ತಿತ್ತು. ಸಕಲ ಜೀವಿಗಳಿಗೂ ಅದು ಅಭಯಸ್ಥಾನವೆಂದು ಶಾಸನಕಾರನು ಕೊಂಡಾಡಿದ್ದಾನೆ. ಯಾರು ಬಂದರೂ ಸರಿ, ಬಂದವರ ಹಸಿವೇ ಅರ್ಹತೆ ಎಂಬ ಭಾವನೆ ಈ ನೆಲದಲ್ಲಿ ಎಷ್ಟು ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಮುಂದಿನ ಶತಮಾನಗಳಲ್ಲಿ ಅರಸರು, ಪಾಳೆಯಗಾರರು, ವರ್ತಕರು, ಊರ ಗೌಡರು ಹೆದ್ದಾರಿಗಳುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. ಜಾತ್ರೆಗೆ ಹೊರಟವರು, ಎತ್ತಿನ ಮೇಲೆ ಸರಕು ಹೇರಿಕೊಂಡವರು, ಕಾಶಿಯಾತ್ರಿಕರು ನಡೆದೇ ಸಾಗಬೇಕಾಗಿದ್ದ ಕಾಲವದು. ಹೊತ್ತು ಮುಳುಗುವುದರೊಳಗೆ ತಲುಪಬಹುದಾದ ಸ್ಥಳದಲ್ಲಿ ಒಂದು ಛತ್ರವಿದ್ದರೆ ಅದು ಪ್ರಾಣವನ್ನೇ ಉಳಿಸುತ್ತಿತ್ತು.

ಹಳ್ಳಿಯ ಛತ್ರದ ಕಟ್ಟಡ

ಹಳ್ಳಿಯ ಛತ್ರದ ರಚನೆ ಸರಳವಾದುದು. ಅದರ ಪ್ರತಿಯೊಂದು ಅಂಗಕ್ಕೂ ಒಂದು ಕಾರಣವಿದೆ. ಮುಂಭಾಗದಲ್ಲಿ ರಸ್ತೆಗೆ ಮುಖಮಾಡಿದ ಉದ್ದನೆಯ ಜಗಲಿ ಇರುತ್ತದೆ. ಜಗಲಿಗೆ ಬಾಗಿಲಿಲ್ಲ. ಅಪರಿಚಿತನು ಯಾರನ್ನೂ ಕೇಳದೆ ಅಲ್ಲಿ ಕುಳಿತುಕೊಳ್ಳಬಹುದು, ರಾತ್ರಿಯಾದರೆ ಮಲಗಬಹುದು. ಬೇಡುವ ಸಂಕೋಚವನ್ನು ಬಂದವನಿಗೆ ಕೊಡಬಾರದೆಂಬ ಸೂಕ್ಷ್ಮ ಈ ಜಗಲಿಯಲ್ಲಿ ಅಡಗಿದೆ. ಕೆಲವು ಕಡೆಗಳಲ್ಲಿ ಛತ್ರದ ಬಳಿ ತಲೆಹೊರೆಯನ್ನು ಇಳಿಸುವುದಕ್ಕಾಗಿ ಆಳೆತ್ತರದ ಕಲ್ಲನ್ನು ನಿಲ್ಲಿಸಿರುತ್ತಾರೆ. ಒಬ್ಬಂಟಿಯಾಗಿ ಬಂದವನು ಇನ್ನೊಬ್ಬರ ನೆರವಿಲ್ಲದೆ ಹೊರೆ ಇಳಿಸಿ, ಮತ್ತೆ ಹೊತ್ತುಕೊಳ್ಳಬಹುದು.

ಜಗಲಿಯನ್ನು ದಾಟಿ ಒಳಗೆ ಹೋದರೆ ತೊಟ್ಟಿ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕಂಬಗಳ ಮೇಲೆ ನಿಂತ ಪಡಸಾಲೆ. ಬೆಳಕು, ಗಾಳಿಗಳು ಅಂಗಳದಿಂದ ಒಳಗೆ ಬರುತ್ತವೆ. ಮಳೆಯ ನೀರು ಹರಿದು ಹೊರಗೆ ಹೋಗುತ್ತದೆ. ನೂರು ಜನ ಒಟ್ಟಿಗೆ ಉಣ್ಣುವುದಕ್ಕೂ, ಅದೇ ಜನ ರಾತ್ರಿ ಮಲಗುವುದಕ್ಕೂ ಪಡಸಾಲೆಯೊಂದೇ ಸಾಕು. ಹಿಂಭಾಗದಲ್ಲಿ ಅಡುಗೆಯ ಮನೆ, ಅದಕ್ಕೆ ಅಂಟಿಕೊಂಡಂತೆ ಧಾನ್ಯವನ್ನು ಕೂಡಿಡುವ ಉಗ್ರಾಣ, ಸಮೀಪದಲ್ಲಿ ಬಾವಿ. ಗೋಡೆಗಳಲ್ಲಿ ದೀಪವಿಡುವ ಗೂಡುಗಳು. ಕಲ್ಲು ಸಿಗುವ ಸೀಮೆಯಲ್ಲಿ ಕಂಬ ತೊಲೆಗಳೆಲ್ಲ ಕಲ್ಲಿನವು, ಮಲೆನಾಡಿನಲ್ಲಿ ಮರದವು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು ಹೆಂಚು ಬಂದ ಮೇಲೆ ನಾಡಹೆಂಚಿನ ಸ್ಥಾನವನ್ನು ಅನೇಕ ಕಡೆ ಅದು ಆಕ್ರಮಿಸಿತು.

ದೇವಾಲಯದಲ್ಲಿ ಕಟ್ಟಡದ ಕೇಂದ್ರದಲ್ಲಿ ಗರ್ಭಗುಡಿಯಿರುತ್ತದೆ. ಅರಮನೆಯಲ್ಲಿ ಸಿಂಹಾಸನವಿರುತ್ತದೆ. ಛತ್ರದ ಕೇಂದ್ರದಲ್ಲಿರುವುದು ಬರಿಯ ಅಂಗಳ. ಬಂದು ಹೋಗುವವರು ತುಂಬಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಸ್ಥಾವರ ಮತ್ತು ಜಂಗಮಗಳ ವಿಷಯದಲ್ಲಿ ಬಸವಣ್ಣನವರು ತೋರಿದ ವಿವೇಕವನ್ನು ನೆನೆದವರಿಗೆ, ಜಂಗಮಕ್ಕಾಗಿಯೇ ನಿಂತ ಸ್ಥಾವರವೊಂದು ಹೇಗಿರಬಹುದೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

ಹಾಗೆಂದು ಹಳೆಯ ಛತ್ರಗಳೆಲ್ಲವೂ ಕೋಡಿಮಠದ ಆದರ್ಶವನ್ನು ಉಳಿಸಿಕೊಂಡಿದ್ದವೆಂದು ಹೇಳಲಾಗದು. ಎಷ್ಟೋ ಛತ್ರಗಳಲ್ಲಿ ಅನ್ನವು ಒಂದು ಜಾತಿಯವರಿಗೆ ಮಾತ್ರ ಮೀಸಲಾಗಿತ್ತು. ಉಳಿದವರಿಗೆ ಜಗಲಿಯೇ ಗತಿ. ಅಸ್ಪೃಶ್ಯರೆನಿಸಿದವರಿಗೆ ಜಗಲಿಯೂ ಇಲ್ಲ. ಇನಾಮು ಭೂಮಿಯ ಆದಾಯವನ್ನು ನೋಡಿಕೊಳ್ಳುವವರೇ ನುಂಗಿದ ಉದಾಹರಣೆಗಳಿಗೂ ಕೊರತೆಯಿಲ್ಲ. ಮೈಸೂರು ಸಂಸ್ಥಾನದಲ್ಲಿ ಇಂತಹ ಧರ್ಮಸಂಸ್ಥೆಗಳ ಮೇಲ್ವಿಚಾರಣೆಯು ಮುಜರಾಯಿ ಇಲಾಖೆಗೆ ಸೇರಿತ್ತು. 1927ರಲ್ಲಿ ಅದಕ್ಕಾಗಿ ಪ್ರತ್ಯೇಕ ಕಾಯಿದೆಯೇ ಬಂದಿತು. ಅಷ್ಟರಲ್ಲಿ ರೈಲೂ ಮೋಟಾರೂ ಬಂದು, ನಡೆಯುವವರು ಕಡಿಮೆಯಾಗಿ, ದಾರಿಬದಿಯ ಛತ್ರಗಳು ಬರಿದಾಗತೊಡಗಿದ್ದವು. ಕೆಲವು ಶಾಲೆಗಳಾದವು, ಕೆಲವು ಕಚೇರಿಗಳಾದವು, ಉಳಿದವು ಬಿದ್ದುಹೋದವು.

ಗುಬ್ಬಿಯಿಂದ ಮಾಮೂಲ್‌ಪೇಟೆಗೆ

ದಾರಿಹೋಕನು ದಾರಿಯನ್ನು ಬದಲಾಯಿಸಿದಾಗ ಛತ್ರವೂ ಸ್ಥಳವನ್ನು ಬದಲಾಯಿಸಬೇಕು. ಇದನ್ನು ಕಾಲಕ್ಕೆ ಸರಿಯಾಗಿ ಅರಿತವರು ತೋಟದಪ್ಪನವರು.

ಅವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಲಿಂಗಾಯತ ವರ್ತಕ ಮನೆತನದಲ್ಲಿ ಜನಿಸಿದರು. ಕುಟುಂಬವು ಬೆಂಗಳೂರಿಗೆ ಬಂದು ನೆಲೆಸಿತು. ಹಳೆಯ ಪೇಟೆಯ ಮಾಮೂಲ್‌ಪೇಟೆಯಲ್ಲಿ ಅವರಿಗೆ ಅಂಗಡಿಯಿತ್ತು. ಅಲ್ಲಿ ವ್ಯಾಪಾರದ ಕಾಯಕವನ್ನು ಕೈಗೊಂಡ ತೋಟದಪ್ಪನವರು ದೊಡ್ಡ ವರ್ತಕರಾಗಿ ಬೆಳೆದರು. ಅವರಿಗೆ ಮಕ್ಕಳಿರಲಿಲ್ಲ.

ಅವರು ನಡುವಯಸ್ಸಿನಲ್ಲಿದ್ದಾಗ ನಾಡನ್ನು ಧಾತು-ಈಶ್ವರ ಸಂವತ್ಸರಗಳ ಬರಗಾಲ ಕಾಡಿತು. 1876ರಿಂದ 1878ರವರೆಗಿನ ಆ ಕ್ಷಾಮದ ಘೋರತೆಯನ್ನು ಜನಗಣತಿಯ ಅಂಕಿಗಳೇ ಸಾರುತ್ತವೆ. 1871ರಲ್ಲಿ 50 ಲಕ್ಷಕ್ಕೂ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಳ್ಳಿಗಳನ್ನು ಬಿಟ್ಟು ಜನರು ಅನ್ನವನ್ನು ಅರಸಿ ಪಟ್ಟಣಗಳತ್ತ ಬಂದರು. ಕ್ಷಾಮಪರಿಹಾರದ ಕೆಲಸವಾಗಿಯೂ ಬೆಂಗಳೂರು-ಮೈಸೂರು ರೈಲುಮಾರ್ಗದ ಕಾಮಗಾರಿ ನಡೆಯಿತು. 1880ರ ದಶಕದಲ್ಲಿ ಮೈಸೂರಿನ ಕಡೆಗೂ, ತುಮಕೂರು ಗುಬ್ಬಿಗಳ ಮೂಲಕ ಹರಿಹರದ ಕಡೆಗೂ ರೈಲು ಓಡತೊಡಗಿತು. 1864ರಲ್ಲಿಯೇ ದಂಡಿನ ಪ್ರದೇಶಕ್ಕೆ ರೈಲು ಬಂದಿತ್ತಾದರೂ, ಕನ್ನಡ ನಾಡಿನ ಹಳ್ಳಿಗಳನ್ನು ಪೇಟೆಗೆ ಜೋಡಿಸಿದ್ದು ಈ ಹೊಸ ಮಾರ್ಗಗಳು. ಪೇಟೆಯ ಪಶ್ಚಿಮಕ್ಕೆ, ಧರ್ಮಾಂಬುಧಿ ಕೆರೆಯ ಆಚೆ ಇದ್ದ ನಿಲ್ದಾಣವು ಬೆಂಗಳೂರಿನ ಹೊಸ ಹೆಬ್ಬಾಗಿಲಾಯಿತು.

ಆ ಹೆಬ್ಬಾಗಿಲಲ್ಲಿ ಇಳಿದವರ ಸ್ಥಿತಿಯನ್ನು ಊಹಿಸಬಹುದು. ಮೊಕದ್ದಮೆಗೆಂದು ಬಂದ ರೈತ, ಸರಕು ಕೊಳ್ಳಲು ಬಂದ ಸಣ್ಣ ವ್ಯಾಪಾರಿ, ಆಸ್ಪತ್ರೆಗೆ ಬಂದ ರೋಗಿ, ಓದಲು ಬಂದ ಬಡಹುಡುಗ. ಹಳ್ಳಿಯ ದಾರಿಯಲ್ಲಿ ಕತ್ತಲಾದರೆ ಯಾರದೋ ಜಗಲಿ ಸಿಗುತ್ತಿತ್ತು. ನೆಂಟರಿಷ್ಟರಿಲ್ಲದ ನಗರದಲ್ಲಿ ಕತ್ತಲಾದರೆ ಯಾವ ಜಗಲಿ?

1897ರಲ್ಲಿ ತೋಟದಪ್ಪನವರು ನಿಲ್ದಾಣದ ಸಮೀಪದಲ್ಲಿಯೇ ರೈಲ್ವೆಯವರಿಂದ 2.5 ಎಕರೆ ಭೂಮಿಯನ್ನು ಖರೀದಿಸಿದರು. ಪೇಟೆಯೊಳಗೆ ತಮ್ಮ ಅಂಗಡಿಯ ಆಸುಪಾಸಿನಲ್ಲಿ ಕಟ್ಟಿಸಿದ್ದರೆ ದಿನವೂ ವರ್ತಕರ ಕಣ್ಣಿಗೆ ಬಿದ್ದು ಕೀರ್ತಿ ಬೆಳೆಯುತ್ತಿತ್ತು. ಆದರೆ ಛತ್ರವು ಬೇಕಾಗಿದ್ದುದು ರೈಲಿನಿಂದ ಇಳಿದವನಿಗೆ. ಗಂಟು ಹೊತ್ತು ಹೊರಬಂದವನು ದಾರಿ ಕೇಳುವ ಮೊದಲೇ ಆಸರೆ ಕಾಣುವಂತಹ ಸ್ಥಳವನ್ನು ಅವರು ಆರಿಸಿಕೊಂಡರು. ಛತ್ರದ ವಾಸ್ತುವಿನಲ್ಲಿ ಮೊದಲನೆಯ ಅಂಶ ಸ್ಥಳದ ಆಯ್ಕೆಯೇ ಆಗಿದೆ.

ಮಾರಿಯ ವರ್ಷಗಳು

ಭೂಮಿಯನ್ನು ಕೊಂಡ ಮರುವರ್ಷವೇ, 1898ರ ಆಗಸ್ಟ್ ತಿಂಗಳಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ರೋಗವು ರೈಲುಮಾರ್ಗವಾಗಿಯೇ ಊರೊಳಗೆ ಬಂದಿತ್ತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಮನೆಗಳು ಬರಿದಾದವು. ಜನರು ಊರಹೊರಗಿನ ಗುಡಿಸಲುಗಳಲ್ಲಿ ದಿನಗಳೆದರು. 1892ರಲ್ಲಿ ಚಾಮರಾಜಪೇಟೆಯು ಹೊಸ ಬಡಾವಣೆಯಾಗಿ ಮೂಡಿತ್ತು. ಪ್ಲೇಗಿನ ನಂತರ ಬಸವನಗುಡಿ ಮತ್ತು ಮಲ್ಲೇಶ್ವರಂ ಬಡಾವಣೆಗಳು ಅಗಲವಾದ ರಸ್ತೆಗಳೊಂದಿಗೆ, ಗಾಳಿ ಬೆಳಕುಗಳಿಗೆ ಎಡೆಯಿರುವಂತೆ ಬೆಳೆದವು. ಅನುಕೂಲಸ್ಥರು ಅತ್ತ ಹೋಗಿ ಮನೆ ಕಟ್ಟಿಕೊಂಡರು.

ಪರವೂರಿನಿಂದ ರೈಲಿಳಿದು ಬಂದವನನ್ನು ರೋಗ ತಂದವನೆಂದೇ ಶಂಕಿಸುವ ದಿನಗಳವು. ಅಂತಹ ಸಮಯದಲ್ಲಿ ಪರವೂರಿನವರಿಗಾಗಿಯೇ, ಅದೂ ರೈಲು ನಿಲ್ದಾಣದ ಮಗ್ಗುಲಲ್ಲಿಯೇ, ಛತ್ರವನ್ನು ಕಟ್ಟುವ ಸಂಕಲ್ಪವನ್ನು ತೋಟದಪ್ಪನವರು ಕೈಬಿಡಲಿಲ್ಲ. ಅಪರಿಚಿತನ ವಿಷಯದಲ್ಲಿ ಭಯವು ಊರನ್ನೆಲ್ಲ ಆವರಿಸಿದಾಗಲೂ ಆತನಿಗೆ ಬಾಗಿಲು ತೆರೆದಿಡುವುದೇ ದಾಸೋಹದ ನಿಜವಾದ ಒರೆಗಲ್ಲು. ಸಮೃದ್ಧಿಯ ದಿನಗಳಲ್ಲಿ ಯಾರಾದರೂ ಬಾಗಿಲು ತೆರೆದಾರು.

1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನೂ ವಿದ್ಯಾರ್ಥಿನಿಲಯವನ್ನೂ ಉದ್ಘಾಟಿಸಿದರು. ಒಡೆಯರಿಗೆ ಆಗ ಹದಿನೆಂಟು ವರ್ಷ. ರಾಜ್ಯಾಧಿಕಾರವನ್ನು ವಹಿಸಿಕೊಂಡು ಆರು ತಿಂಗಳಷ್ಟೇ ಕಳೆದಿತ್ತು. ಮುಂದೆ ತೋಟದಪ್ಪನವರಿಗೆ ಅವರು ಧರ್ಮಪ್ರವರ್ತ ಎಂಬ ಬಿರುದನ್ನು ನೀಡಿ ಗೌರವಿಸಿದರು. ಆಂಗ್ಲ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯೂ ಬಂದಿತು. ಛತ್ರವು ಎಲ್ಲ ಮತಧರ್ಮಗಳ ಯಾತ್ರಿಕರಿಗೂ ತೆರೆದಿತ್ತೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಜಾತಿಗೊಂದು ಛತ್ರವಿದ್ದ ಕಾಲದಲ್ಲಿ ಇದು ಬಳ್ಳಿಗಾವಿಯ ಹಳೆಯ ಅಭಯಸ್ಥಾನವನ್ನು ನೆನಪಿಸುವಂತಹ ಕಾರ್ಯ.

ದಾಸೋಹಕ್ಕೆ ಕಟ್ಟಳೆ

ಮೊದಲು ಎತ್ತಿದ ಪ್ರಶ್ನೆಗೆ ಈಗ ಬರಬೇಕು. ದಾಸೋಹಿಯು ಹೋದ ಮೇಲೆ ಏನು? ತೋಟದಪ್ಪನವರು ಬದುಕಿದ್ದಾಗಲೇ ತಮ್ಮ ಸಂಪತ್ತನ್ನೆಲ್ಲ ಧರ್ಮಸಂಸ್ಥೆಗೆ ಒಪ್ಪಿಸಿ, ಅದನ್ನು ನಡೆಸುವುದಕ್ಕೆ ಒಂದು ಟ್ರಸ್ಟನ್ನು ಏರ್ಪಡಿಸಿದರು. ಅದರ ಮೊದಲ ಅಧ್ಯಕ್ಷರನ್ನಾಗಿ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ಆರಿಸಿದರು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು.

ಪುಟ್ಟಣ್ಣ ಚೆಟ್ಟಿಯವರ ಆಯ್ಕೆಯಲ್ಲಿ ವರ್ತಕನ ದೂರದೃಷ್ಟಿ ಕಾಣುತ್ತದೆ. ಸಂಸ್ಥಾನದ ಆಡಳಿತದಲ್ಲಿ ಉನ್ನತ ಸ್ಥಾನಗಳಲ್ಲಿ ನುರಿತವರು ಅವರು. 1913ರಿಂದ 1920ರವರೆಗೆ ಬೆಂಗಳೂರು ನಗರಸಭೆಯ ಅಧ್ಯಕ್ಷರಾಗಿದ್ದರು. 1935ರಲ್ಲಿ ಉದ್ಘಾಟನೆಗೊಂಡ ನಗರದ ಪುರಭವನವು ಇಂದಿಗೂ ಅವರ ಹೆಸರನ್ನೇ ಹೊತ್ತು ನಿಂತಿದೆ. ಲೆಕ್ಕಪತ್ರ, ಕಾಯಿದೆ, ಕಟ್ಟಡಗಳ ವಿಷಯದಲ್ಲಿ ಪಳಗಿದ ಇಂತಹ ಕೈಗೆ ಧರ್ಮವನ್ನು ಒಪ್ಪಿಸಿದ್ದರಿಂದ ಅದು ಸೋರಿಹೋಗದೆ ಉಳಿಯಿತು. ಹಳ್ಳಿಯ ಛತ್ರಗಳು ಹಾಳಾದುದು ಕಲ್ಲು ಮರಗಳು ಸವೆದುದರಿಂದ ಮಾತ್ರವಲ್ಲ. ಅವುಗಳ ಆದಾಯಕ್ಕೆ ಕಾವಲಿರಲಿಲ್ಲ. ದಾಸೋಹಕ್ಕೆ ಭಕ್ತಿ ಹೇಗೆ ಬೇಕೋ ಕಟ್ಟಳೆಯೂ ಹಾಗೆಯೇ ಬೇಕು. ಶರಣರು ಕಾಯಕದಲ್ಲಿ ಬಯಸಿದ ಶುದ್ಧಿಯು ಧರ್ಮಾದಾಯದ ಲೆಕ್ಕದಲ್ಲಿಯೂ ಇರತಕ್ಕದ್ದು.

ಛತ್ರದ ಜೊತೆಗೆ ವಿದ್ಯಾರ್ಥಿನಿಲಯವನ್ನು ಸೇರಿಸಿದ್ದು ಇನ್ನೊಂದು ವಿಶೇಷ. ಯಾತ್ರಿಕನು ಮೂರು ದಿನವಿದ್ದು ಹೋಗುತ್ತಾನೆ. ವಿದ್ಯಾರ್ಥಿಯು ಮೂರು ವರ್ಷ ಉಳಿಯುತ್ತಾನೆ. ಮೊದಲನೆಯವನಿಗೆ ಕೊಟ್ಟ ಅನ್ನವು ಒಂದು ರಾತ್ರಿಯ ಹಸಿವನ್ನು ನೀಗಿಸಿದರೆ, ಎರಡನೆಯವನಿಗೆ ಕೊಟ್ಟ ಅನ್ನವು ಒಂದು ಮನೆತನದ ದಾರಿದ್ರ್ಯವನ್ನೇ ನೀಗಿಸಬಲ್ಲುದು.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಛತ್ರವು ಎಲ್ಲರಿಗೂ ತೆರೆದಿದ್ದರೂ ವಿದ್ಯಾರ್ಥಿನಿಲಯವು ಲಿಂಗಾಯತ ಸಮಾಜದ ಮಕ್ಕಳಿಗಾಗಿ ನಡೆದುಬಂದಿದೆ. ಎಲ್ಲರನ್ನೂ ನಮ್ಮವರೆಂದು ಕಂಡ ಶರಣರ ಮಾರ್ಗಕ್ಕೆ ಇದು ಹೊಂದುವುದೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆ ಕಾಲದ ಸ್ಥಿತಿಯನ್ನೂ ಗಮನಿಸಬೇಕು. ಆಧುನಿಕ ವಿದ್ಯೆಯಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಮೈಸೂರು ಸಂಸ್ಥಾನದ ಲಿಂಗಾಯತರು, ಒಕ್ಕಲಿಗರು, ಇನ್ನೂ ಅನೇಕ ಸಮುದಾಯಗಳು ಬಹು ಹಿಂದೆ ಇದ್ದವು. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನು ಸ್ಥಾಪಿಸಿದುದೂ ಇದೇ ಸಂದರ್ಭದಲ್ಲಿ. ಪ್ರತಿ ಸಮುದಾಯವೂ ತನ್ನ ಮಕ್ಕಳಿಗೆ ಊಟ ವಸತಿಗಳನ್ನು ತಾನೇ ಕಲ್ಪಿಸಿಕೊಂಡು ಮೇಲೇಳಲು ಯತ್ನಿಸಿದ ಕಾಲವದು. ಆದರೂ ವಿದ್ಯಾರ್ಥಿನಿಲಯವು ಒಂದು ಕಾಲದ ಅಗತ್ಯವನ್ನು ಪೂರೈಸಿತು, ಜಗಲಿಯು ಎಲ್ಲ ಕಾಲದ ಆದರ್ಶವನ್ನು ಹಿಡಿದಿತ್ತು ಎಂಬ ಅಂತರವನ್ನು ಮರೆಯಬಾರದು. ಮೊದಲನೆಯದರ ಫಲವು ಎರಡನೆಯದಕ್ಕೆ ಸಲ್ಲಬೇಕು.

ಅಂಥದೊಂದು ಫಲವು ಇಡೀ ನಾಡಿಗೆ ಸಂದಿತು. 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದ ಮಾಗಡಿ ತಾಲ್ಲೂಕಿನ ವೀರಾಪುರದ ಹಳ್ಳಿಯ ಯುವಕರೊಬ್ಬರು ತೋಟದಪ್ಪನವರ ಈ ಧರ್ಮಸಂಸ್ಥೆಯ ಆಶ್ರಯದಲ್ಲಿದ್ದುಕೊಂಡು ವ್ಯಾಸಂಗ ಮಾಡಿದರು. 1930ರಲ್ಲಿ ಅವರಿಗೆ ಸಿದ್ಧಗಂಗಾ ಮಠದ ವಿರಕ್ತಾಶ್ರಮದ ದೀಕ್ಷೆಯಾಯಿತು. ಅವರೇ ಪರಮಪೂಜ್ಯ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು. ಮುಂದೆ ಅವರ ಮಠದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಅನ್ನ, ಅಕ್ಷರ, ಆಶ್ರಯಗಳನ್ನು ಪಡೆದರು. 2019ರ ಜನವರಿ 21ರಂದು ಶ್ರೀಗಳವರು ಲಿಂಗೈಕ್ಯರಾದರು. ಆ ದಿನವನ್ನು ಕರ್ನಾಟಕ ಸರ್ಕಾರವು 2021ರಿಂದ ದಾಸೋಹ ದಿನವೆಂದು ಆಚರಿಸುತ್ತಿದೆ. ಅವರ ದಾಸೋಹಕ್ಕೆ ಮೂಲ ಸಿದ್ಧಗಂಗೆಯ ಗುರುಪರಂಪರೆಯೇ ಹೊರತು ಬೇರೆಯಲ್ಲ. ಆದರೆ ಓದುವ ದಿನಗಳಲ್ಲಿ ಧರ್ಮದ ಅನ್ನವನ್ನು ಉಂಡವರು ಮುಂದೆ ನೂರು ಪಾಲಾಗಿ ಸಮಾಜಕ್ಕೆ ಮರಳಿಸಿದರೆಂಬುದನ್ನು ನೆನೆದಾಗ, ತೋಟದಪ್ಪನವರ ಒಲೆಯು ಎಷ್ಟು ದೂರದವರೆಗೆ ಬೆಳಗಿತೆಂಬುದು ತಿಳಿಯುತ್ತದೆ. ಮಕ್ಕಳಿಲ್ಲದ ಆ ಮಹನೀಯರ ವಂಶವು ಹೀಗೆ ಬೆಳೆಯಿತು.

ಇಂದಿನ ಛತ್ರ

ಧರ್ಮಾಂಬುಧಿ ಕೆರೆಯು ಬತ್ತಿ ಬಯಲಾಗಿ, ಆ ನೆಲದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ತಲೆಯೆತ್ತಿದೆ. ನೆಲದಡಿಯಲ್ಲಿ ಮೆಟ್ರೋ ಓಡುತ್ತಿದೆ. ರೈಲು ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದಿದೆ. ನಿಲ್ದಾಣದ ಎದುರಿನ ರಸ್ತೆಗೆ ಗುಬ್ಬಿ ತೋಟದಪ್ಪನವರ ಹೆಸರಿದೆ. ಮೆಜೆಸ್ಟಿಕ್ಕಿನ ಗದ್ದಲದಲ್ಲಿ ಆ ಫಲಕವನ್ನು ಓದುವವರು ವಿರಳ. ಛತ್ರವು 2005ರಲ್ಲಿ ನವೀಕರಣಗೊಂಡು, ಈಗ ಕಡಿಮೆ ದರದಲ್ಲಿ ವಸತಿಯನ್ನು ಒದಗಿಸುತ್ತಿದೆ. ಸಂಸ್ಥೆಯ ವಿದ್ಯಾರ್ಥಿನಿಲಯಗಳು ರಾಜ್ಯದ ಬೇರೆ ಬೇರೆ ಊರುಗಳಿಗೂ ಹಬ್ಬಿವೆ.

ಉಚಿತವಾಗಿದ್ದುದು ದರಕ್ಕೆ ಬಂದಿತೆಂದು ಕೆಲವರಿಗೆ ಕಸಿವಿಸಿಯಾಗಬಹುದು. ನಗರದ ನಡುವೆ ಬಂಗಾರದ ಬೆಲೆಯ ನೆಲದಲ್ಲಿ ಲಾಭದ ಆಸೆಯಿಲ್ಲದೆ ಬಡಪ್ರಯಾಣಿಕನಿಗೊಂದು ಹಾಸಿಗೆ ಉಳಿದಿರುವುದೇ ಸಣ್ಣ ಸಂಗತಿಯಲ್ಲ. ಹಾಗಿದ್ದರೂ ಕಸಿವಿಸಿಯು ಒಳ್ಳೆಯದೇ. ಆ ಅಲ್ಪ ಹಣವೂ ಇಲ್ಲದವನು ಇಂದಿಗೂ ಆ ನಿಲ್ದಾಣದಲ್ಲಿ ಇಳಿಯುತ್ತಾನೆ, ಪ್ಲಾಟ್‌ಫಾರಂ ಮೇಲೆ ಮಲಗುತ್ತಾನೆ. ಹಳ್ಳಿಯ ಛತ್ರದ ಜಗಲಿಗೆ ಬಾಗಿಲಿರಲಿಲ್ಲವೆಂಬುದು ಅವನ ವಿಷಯದಲ್ಲಿ ಇನ್ನೂ ಉತ್ತರವನ್ನು ಬೇಡುವ ಮಾತು.

ಆ ಉತ್ತರವನ್ನು ಒಂದು ಸಂಸ್ಥೆಯಿಂದ ಮಾತ್ರ ಅಪೇಕ್ಷಿಸುವುದು ನ್ಯಾಯವಲ್ಲ. ತೋಟದಪ್ಪನವರು ತಮ್ಮ ಕಾಲದ ದಾರಿಹೋಕನು ಎಲ್ಲಿ ಇಳಿಯುತ್ತಾನೆಂಬುದನ್ನು ನೋಡಿದರು, ಅಲ್ಲಿಯೇ ನೆಲವನ್ನು ಕೊಂಡರು, ತಮ್ಮ ನಂತರವೂ ನಡೆಯುವಂತೆ ಕಟ್ಟಳೆಯನ್ನು ಮಾಡಿದರು. ಇಂದಿನ ದಾರಿಹೋಕನು ದೊಡ್ಡಾಸ್ಪತ್ರೆಗಳ ಎದುರಿನ ಪಾದಚಾರಿ ಹಾದಿಯಲ್ಲಿ ರೋಗಿಯ ಜೊತೆ ಬಂದು ಕುಳಿತಿದ್ದಾನೆ. ಕಟ್ಟಡದ ಕೆಲಸಕ್ಕೆಂದು ಕುಟುಂಬಸಮೇತ ಬಸ್ಸಿನಿಂದ ಇಳಿಯುತ್ತಿದ್ದಾನೆ. ಅವನಿಗೊಂದು ಜಗಲಿಯನ್ನು ಕಲ್ಪಿಸುವುದು ಕಾಯಕಜೀವಿಗಳಾದ ಭಕ್ತರೆಲ್ಲರಿಗೂ ಸೇರಿದ ಹೊಣೆ. ಅದು ನೆರವೇರಿದಲ್ಲಿ ತೋಟದಪ್ಪನವರ ಸ್ಮರಣೆಯು ರಸ್ತೆಯ ಫಲಕದಿಂದ ಇಳಿದು ನಡೆದಾಡತೊಡಗುತ್ತದೆ.